ಮೂಲೇಲಿ ಇಟ್ಟ ಟಾರ್ಚ್ ಯಾಕೆ ಕೈಕೊಡುತ್ತೆ?

ಇವತ್ತಿನ ವಿಷಯ ಟಾರ್ಚು. ದಾವಣಗೆರೆ, ಹರಿಹರದ ಹಳ್ಳಿಗಳಲ್ಲಿ ಹಿರಿಯರು ಇದನ್ನ ‘ಬ್ಯಾಟ್ರಿ’ ಅಂತಾರೆ, ಒಳಗೆ ಹಾಕೋದನ್ನ ‘ಶೆಲ್ಲು’ ಅಂತಾರೆ.

ಮೊಬೈಲ್‌ನಲ್ಲೇ ಲೈಟ್ ಇದೆಯಲ್ಲ, ಇದ್ಯಾಕೆ ಅಂತೀರಾ? ರಾತ್ರಿ ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟ್ ಬಂದಾಗ, ಭದ್ರಾ ನಾಲೆ ನೀರನ್ನ ಗದ್ದೆಗೆ ತಿರುಗಿಸಬೇಕಾದಾಗ, ಬದುವಿನ ಮೇಲೆ ನಡೆಯೋ ಅಪ್ಪನ ಕೈಲಿರೋದು ಟಾರ್ಚೇ. ಹಾವು ಇದೆಯಾ ಅಂತ ನೋಡ್ಕೊಂಡೇ ಕಾಲಿಡಬೇಕು. ಆ ಹೊತ್ತಲ್ಲಿ ಬೆಳಕು ಹೋದ್ರೆ ಹುಡುಗಾಟ ಅಲ್ಲ.

ಮನೇಲಿರೋ ಟಾರ್ಚ್‌ಗಳನ್ನೆಲ್ಲ ಹೊರಗೆ ತೆಗೀರಿ. ಸಾಮಾನ್ಯವಾಗಿ ಮೂರು ಜಾತಿಯ ಬ್ಯಾಟರಿ ಸಿಗುತ್ತೆ. ಮೂರಕ್ಕೂ ಒಂದೇ ಆರೈಕೆ ಮಾಡೋದೇ ನಮ್ಮ ಸಮಸ್ಯೆ.

ಮೊದಲನೇದು, ಪ್ಲಗ್‌ಗೆ ನೇರವಾಗಿ ಸಿಗಿಸೋ ಅಗ್ಗದ ದಪ್ಪ ಟಾರ್ಚ್. ಒಳಗೆ ಹೆಚ್ಚಾಗಿ 4 ವೋಲ್ಟಿನ ಸೀಸ-ಆಸಿಡ್ ಬ್ಯಾಟರಿ ಇರುತ್ತೆ. ಇದನ್ನ ಖಾಲಿ ಬಿಟ್ಟರೆ ಸೀಸದ ತಗಡಿನ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ಆಮೇಲೆ ಎಷ್ಟು ಚಾರ್ಜ್ ಹಾಕಿದ್ರೂ ನಿಲ್ಲಲ್ಲ. ಬಳಸಿದ ದಿನವೇ ಚಾರ್ಜ್ ಮಾಡಿ, ಯಾವಾಗಲೂ ತುಂಬಿರಲಿ.

ಎರಡನೇದು ಲಿಥಿಯಂ-ಅಯಾನ್. ಶೆಲ್ ಮೇಲೆ 18650 ಅಂತ ಇದ್ರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಅಂತ ಅರ್ಥ. ತುಂಬಿದಾಗ 4.2 ವೋಲ್ಟ್, 2.5ಕ್ಕಿಂತ ಕೆಳಗೆ ಇಳಿದ್ರೆ ಹಾಳಾಗುತ್ತೆ. ಇದರ ಸ್ವಭಾವ ಸೀಸದ್ದಕ್ಕೆ ಉಲ್ಟಾ. ತಿಂಗಳುಗಟ್ಟಲೆ ಎತ್ತಿಡೋದಾದ್ರೆ ಅರ್ಧದಷ್ಟು ಚಾರ್ಜ್ ಸಾಕು. ಪೂರ್ತಿ ತುಂಬಿ, ಅದರ ಮೇಲೆ ಸೆಕೆ ಬಿದ್ರೆ ಬೇಗ ಮುಪ್ಪಾಗುತ್ತೆ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ? ತಗಡಿನ ಶೆಡ್, ಬೈಕ್ ಡಿಕ್ಕಿ ಬೇಡ. ದಿನಾ ಗದ್ದೆಗೆ ಒಯ್ಯೋದನ್ನ ಮಾತ್ರ ತುಂಬಿಯೇ ಇಡಿ.

ಮೂರನೇದು ನಿಕಲ್, ಗಡಿಯಾರದ ಶೆಲ್ ತರ ಕಾಣೋ 1.2 ವೋಲ್ಟಿನದು. ಸುಮ್ಮನಿದ್ರೂ ತಾನಾಗೇ ಇಳಿಯುತ್ತೆ. ಹಳೇದು ಹೊಸದು ಬೆರೆಸಬೇಡಿ. ಸೋತ ಶೆಲ್ ಮೊದಲು ಖಾಲಿಯಾಗುತ್ತೆ, ಉಳಿದವು ಅದರೊಳಗೆ ಉಲ್ಟಾ ಕರೆಂಟ್ ತಳ್ಳಿ ಕೆಡಿಸುತ್ತವೆ.

ಕೊಳ್ಳುವಾಗ ಒಂದು ಮಾತು. 18650 ಶೆಲ್ ಮೇಲೆ 9900 ಎಂಎಎಚ್ ಅಂತ ಬರೆದಿದ್ರೆ ಅದು ಸುಳ್ಳು. ಆ ಗಾತ್ರದ ಒಳ್ಳೇ ಶೆಲ್‌ಗಳೇ ಸುಮಾರು 3500ರ ಆಸುಪಾಸಲ್ಲಿ ಇರ್ತವೆ.

ಶೆಲ್ ಊದಿದ್ರೆ, ಸಿಪ್ಪೆ ಹರಿದಿದ್ರೆ, ಚಾರ್ಜ್ ಆಗುವಾಗ ಕೈ ಸುಡ್ತಿದ್ರೆ ಅಲ್ಲಿಗೆ ನಿಲ್ಲಿಸಿ. ಇನ್ನೊಂದ್ಸಲ ನೋಡೋಣ ಅಂತ ಹಾಸಿಗೆ ಪಕ್ಕ ಚಾರ್ಜ್‌ಗೆ ಹಾಕಿ ಮಲಗಬೇಡಿ, ಬೆಂಕಿ ಹತ್ಕೊಳ್ಳಬಹುದು. ಸತ್ತ ಶೆಲ್ ತಿಪ್ಪೆಗೂ ಬೇಡ, ತುಂಗಭದ್ರೆಗೂ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆಯೋ ಹೊಣೆ ತಯಾರಕರದ್ದು. ಎರಡೂ ತುದಿಗೆ ಟೇಪ್ ಸುತ್ತಿ ಅಂಗಡಿಗೋ, ಇ-ತ್ಯಾಜ್ಯ ಸಂಗ್ರಹಿಸೋರಿಗೋ ಕೊಡಿ.

ಇದೆಲ್ಲ ನೆನಪಿಡೋದು ಹೇಗೆ? ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡ್ತೀವಲ್ಲ, ಅವತ್ತೇ ಟಾರ್ಚ್‌ಗಳನ್ನೂ ಒಂದ್ಸಲ ಹಚ್ಚಿ ನೋಡಿ. ಕತ್ತಲೂ ಅವತ್ತೇ ಜಾಸ್ತಿ. ಊರಲ್ಲಿರೋ ಅಪ್ಪ-ಅಮ್ಮನಿಗೆ ಈ ಕಂತು ಕೇಳಿಸಿ. ಮತ್ತೆ ಸಿಗೋಣ.