ಗುಳೆ ಬಂದ ಮಕ್ಕಳಿಗೂ ಲಸಿಕೆ: ನಮ್ಮ ಹೊಣೆ
(ಉಡುತಡಿಯಲ್ಲಿ ನಡೆದ ಪಾಲಕರ ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಪದಾಧಿಕಾರಿಗಳು ನನಗೆ ಕೊಟ್ಟಿರುವ ವಿಷಯ ಮಕ್ಕಳ ಆರೋಗ್ಯ. ವಿಷಯ ದೊಡ್ಡದು, ಸಮಯ ಚಿಕ್ಕದು. ಆದ್ದರಿಂದ ಒಂದೇ ಒಂದು ಸಂಗತಿಯನ್ನು ಆರಿಸಿಕೊಂಡಿದ್ದೇನೆ. ಕೈಯಲ್ಲಿ ಕಾಗದಪತ್ರಗಳಿಲ್ಲದ, ಒಂದು ಊರಿನಲ್ಲಿ ನೆಲೆ ನಿಲ್ಲದ ಕುಟುಂಬಗಳ ಮಕ್ಕಳಿಗೆ ರೋಗನಿರೋಧಕ ಲಸಿಕೆ ಸಿಗುತ್ತಿದೆಯೇ? ಸಿಗದಿದ್ದರೆ ಅದರಲ್ಲಿ ನಮ್ಮ ಪಾಲಿನ ಕೆಲಸವೇನು?

ಈ ಮಕ್ಕಳು ಯಾರು? ದೂರ ಹುಡುಕಬೇಕಾಗಿಲ್ಲ. ನಮ್ಮ ಶಿಕಾರಿಪುರ ತಾಲ್ಲೂಕಿನ ತಾಂಡಾಗಳಿಂದ ಪ್ರತಿ ವರ್ಷ ಎಷ್ಟೋ ಕುಟುಂಬಗಳು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಗುಳೆ ಹೋಗುತ್ತವೆ. ಅದೇ ಹೊತ್ತಿಗೆ ಬೇರೆ ಜಿಲ್ಲೆಗಳಿಂದ, ಬೇರೆ ರಾಜ್ಯಗಳಿಂದ ಜನರು ನಮ್ಮ ಕಡೆಗೆ ಬರುತ್ತಾರೆ. ಶುಂಠಿ ಹೊಲದ ಅಂಚಿನ ಟೆಂಟು, ಇಟ್ಟಿಗೆ ಭಟ್ಟಿಯ ಪಕ್ಕದ ಜೋಪಡಿ, ರಸ್ತೆ ಕಾಮಗಾರಿಯ ತಗಡಿನ ಶೆಡ್ಡು ಇವೇ ಅವರ ಮನೆಗಳು. ಬೆಂಗಳೂರಿನಂಥ ಊರಿಗೆ ಹೋದರೆ ಚಿಂದಿ ಆಯುವ ಬಂಗಾಳಿ ಮಾತಿನ ಜನರಿದ್ದಾರೆ, ಬರ್ಮಾದಿಂದ ಓಡಿಬಂದ ರೋಹಿಂಗ್ಯಾ ಕುಟುಂಬಗಳೂ ಇವೆ. ಇವರಲ್ಲಿ ಕೆಲವರು ನಿಜವಾಗಿಯೂ ಗಡಿ ದಾಟಿ ಬಂದವರು. ಬಹಳ ಜನ ಈ ದೇಶದವರೇ; ಅದನ್ನು ತೋರಿಸುವ ಕಾಗದ ಮಾತ್ರ ಸಕಾಲಕ್ಕೆ ಕೈಗೆ ಸಿಗುವುದಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರೆಂಬ ಸಂಶಯದಿಂದ ಗುಡಿಸಲುಗಳನ್ನು ನೆಲಸಮ ಮಾಡಿದಾಗ, ಅಲ್ಲಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದದ್ದು ತಮಗೆ ನೆನಪಿರಬಹುದು.

ಇಂಥ ಮನೆಯ ಕೂಸಿನ ಲಸಿಕೆ ಹೇಗೆ ತಪ್ಪುತ್ತದೆ ಎಂಬುದನ್ನು ಗಮನಿಸಿ. ಹುಟ್ಟಿದ ಕೂಡಲೇ ಬಿ.ಸಿ.ಜಿ., ಪೋಲಿಯೋ, ಕಾಮಾಲೆ ಲಸಿಕೆಗಳು. ಆಮೇಲೆ ಆರು, ಹತ್ತು, ಹದಿನಾಲ್ಕು ವಾರಗಳಿಗೆ ಮೂರು ಸರದಿ. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ, ಒಂದೂವರೆ ವರ್ಷದ ಸುಮಾರಿಗೆ ಅದರ ಎರಡನೇ ಡೋಸು. ತವರಿನಲ್ಲಿ ಹೆರಿಗೆಯಾದ ತಾಯಿ ಆರನೇ ವಾರದ ಚುಚ್ಚುಮದ್ದನ್ನು ಅಲ್ಲೇ ಹಾಕಿಸುತ್ತಾಳೆ. ಹತ್ತನೇ ವಾರಕ್ಕೆ ಅವಳು ಕಾಫಿ ತೋಟದ ಲೈನಿನಲ್ಲಿರುತ್ತಾಳೆ, ಹದಿನಾಲ್ಕನೇ ವಾರಕ್ಕೆ ಇನ್ನೊಂದು ಜಿಲ್ಲೆಯ ಭಟ್ಟಿಯಲ್ಲಿ. ತಾಯಿ ಕಾರ್ಡ್ ಊರಿನ ಟ್ರಂಕಿನಲ್ಲಿ ಉಳಿದಿರುತ್ತದೆ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿರುವುದು ತನ್ನ ಊರಿನ ಮನೆಗಳ ಪಟ್ಟಿ. ಎರಡು ಊರಿನ ನಡುವಿನ ಹೊಲದಲ್ಲಿ ಮೂರು ತಿಂಗಳಿಗೆಂದು ಎದ್ದ ಟೆಂಟು ಎಷ್ಟೋ ಸಲ ಯಾರ ಪಟ್ಟಿಗೂ ಸೇರುವುದಿಲ್ಲ. ಹಗಲು ಹೊತ್ತು ಹೋಗಿ ನೋಡಿದರೆ ಟೆಂಟಿನಲ್ಲಿ ತಾಯಿ ಇರುವುದಿಲ್ಲ, ಕೂಲಿಗೆ ಹೋಗಿರುತ್ತಾಳೆ.

ಇದರ ಮೇಲೆ ಭಯವೊಂದು ಸೇರಿಕೊಂಡಿದೆ. ಭಟ್ಟಿಯ ಕೆಲಸಕ್ಕೆ ಬಂದ ಹೊರರಾಜ್ಯದ ಕುಟುಂಬವೊಂದರ ಹುಡುಗಿ ಒಂದನೇ ತರಗತಿಗೆ ಬಂದಾಗ, ಲಸಿಕೆಯ ಕಾರ್ಡ್ ಇದೆಯೇ ಎಂದು ಅವಳ ತಂದೆಯನ್ನು ವಿಚಾರಿಸಿದೆ. ಆತ ಕೈ ಜೋಡಿಸಿ, "ಆಸ್ಪತ್ರೆಗೆ ಹೋದರೆ ಆಧಾರ್ ಕೇಳುತ್ತಾರೆ, ವಿಳಾಸ ಕೇಳುತ್ತಾರೆ. ಬರೆದುಕೊಂಡದ್ದು ಎಲ್ಲಿಗೆ ಹೋಗುತ್ತದೋ ಸಾಹೇಬರೇ, ಕೂಲಿ ತಪ್ಪಿದರೆ ನಾವೆಲ್ಲಿ ಹೋಗೋಣ?" ಎಂದ. ಮಗಳ ಆರೋಗ್ಯ ಬೇಡವೆಂದು ಆತ ಹೇಳಲಿಲ್ಲ. ಸೂಜಿಯ ಬಗ್ಗೆಯೂ ಆತನಿಗೆ ಭಯವಿರಲಿಲ್ಲ. ಭಯವಿದ್ದದ್ದು ಫಾರಂ ಬಗ್ಗೆ.

ಹಾಗಾದರೆ ಕಾನೂನು ಏನು ಹೇಳುತ್ತದೆ? ನಮ್ಮ ಸಂವಿಧಾನದ 21ನೇ ವಿಧಿ ಜೀವಿಸುವ ಹಕ್ಕನ್ನು ಕೊಟ್ಟಿರುವುದು 'ವ್ಯಕ್ತಿ'ಗೆ. 'ನಾಗರಿಕ' ಎಂಬ ಪದ ಅಲ್ಲಿಲ್ಲ. ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಇದನ್ನೇ ಎತ್ತಿ ಹಿಡಿಯಿತು. ಯಾವ ಮಗುವೂ ಆರೋಗ್ಯ ಸೇವೆಯಿಂದ ವಂಚಿತವಾಗಬಾರದೆನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ಆಧಾರ್ ಸಂಖ್ಯೆ ಕೊಡಲಾಗಲಿಲ್ಲವೆಂದು ಯಾವ ಮಗುವಿಗೂ ಸೌಲಭ್ಯ ನಿರಾಕರಿಸಬಾರದು ಎಂದು 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶಿಕ್ಷಕರಾದ ನಮಗೆ ಈ ದಾರಿ ಹೊಸದಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಶಾಲೆಯ ಬಾಗಿಲಿನಿಂದ ಹಿಂದಕ್ಕೆ ಕಳಿಸುವಂತಿಲ್ಲ. ಶಾಲೆಯ ಬಾಗಿಲಿಗೆ ಒಪ್ಪುವ ಮಾತು ಲಸಿಕೆಯ ಕೋಣೆಗೂ ಒಪ್ಪಬೇಕಲ್ಲವೇ?

"ಹೊರಗಿನಿಂದ ಬಂದವರಿಗೆ ನಮ್ಮ ತೆರಿಗೆಯ ಹಣ ಏಕೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆಯನ್ನು ತಳ್ಳಿಹಾಕುವುದು ಬೇಡ, ಉತ್ತರ ಕೊಡೋಣ. ದಡಾರದ ಒಬ್ಬ ರೋಗಿಯಿಂದ, ಲಸಿಕೆಯ ರಕ್ಷಣೆ ಇಲ್ಲದ ಜನರ ನಡುವೆ, ಹನ್ನೆರಡರಿಂದ ಹದಿನೆಂಟು ಜನರಿಗೆ ರೋಗ ಹರಡಬಲ್ಲದು. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ವೈರಾಣು ಉಳಿಯಬಲ್ಲದು. ನಮ್ಮ ಮನೆಯ ಆರು ತಿಂಗಳ ಕೂಸಿಗೆ ದಡಾರದ ಲಸಿಕೆಯ ವಯಸ್ಸೇ ಆಗಿಲ್ಲ. ಆ ಕೂಸನ್ನು ಕಾಯುವುದು ಸುತ್ತಲಿನ ಮಕ್ಕಳಿಗೆ ಹಾಕಿದ ಲಸಿಕೆ. ನೂರಕ್ಕೆ ತೊಂಬತ್ತೈದು ಮಕ್ಕಳಿಗೆ ಎರಡೂ ಡೋಸು ಬಿದ್ದರೆ ರೋಗಕ್ಕೆ ದಾರಿ ಸಿಗುವುದಿಲ್ಲ ಎನ್ನುತ್ತಾರೆ ತಜ್ಞರು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ (2019-21) ಕರ್ನಾಟಕದಲ್ಲಿ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಮೂಲ ಲಸಿಕೆಗಳನ್ನೆಲ್ಲ ಪಡೆದವರು ನೂರಕ್ಕೆ ಸುಮಾರು 84. 2022ರಲ್ಲಿ ಮುಂಬಯಿಯ ಗೋವಂಡಿಯ ಕೊಳೆಗೇರಿಗಳಲ್ಲಿ ದಡಾರ ಹಬ್ಬಿ ಮಕ್ಕಳು ಪ್ರಾಣ ಬಿಟ್ಟರು. ಲಸಿಕೆ ತಪ್ಪಿದ ಮಕ್ಕಳು ಒಂದೇ ಕಡೆ ಸೇರಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಲಸಿಕೆ ಇಲ್ಲದ ಬದುಕು ಎಂಥದೆಂದು ನಮ್ಮ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೆ ಜ್ವರ ಬಂತು; ಆ ಹಳ್ಳಿಯ ಹೆಸರಿನಿಂದಲೇ ಜಗತ್ತು ಈಗ ಆ ರೋಗವನ್ನು ಗುರುತಿಸುತ್ತದೆ. ಮಂಗನ ಕಾಯಿಲೆಗೆ ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ಸಾಕಷ್ಟು ಪರಿಣಾಮ ಬೀರುತ್ತಿಲ್ಲವೆಂದು 2022ರಲ್ಲಿ ಅದರ ಬಳಕೆ ನಿಂತಿತು. ಕಾಡಿಗೆ ಸೊಪ್ಪು ತರಲು ಹೋಗುವ ಹೆಣ್ಣುಮಗಳು ಇಂದಿಗೂ ಉಣ್ಣಿಗೆ ಹೆದರುತ್ತಾಳೆ. ಉಣ್ಣಿ ಯಾರ ರೇಷನ್ ಕಾರ್ಡನ್ನೂ ನೋಡಿ ಕಚ್ಚುವುದಿಲ್ಲ. ಒಳ್ಳೆಯ ಲಸಿಕೆಗಾಗಿ ನಾವು ಕಾಯುತ್ತಿರುವ ಕಾಯಿಲೆಯ ಮಾತು ಹೀಗಾದರೆ, ದಡಾರ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳಿಗೆ ಲಸಿಕೆ ಇದೆ, ಅದೂ ಪುಕ್ಕಟೆ. ಮದ್ದು ಆರೋಗ್ಯ ಕೇಂದ್ರದ ತಂಪುಪೆಟ್ಟಿಗೆಯಲ್ಲಿದ್ದು, ಮೈಲು ದೂರದ ಟೆಂಟಿನಲ್ಲಿ ಮಗು ಸತ್ತರೆ ಅದಕ್ಕೆ ವಿಧಿಯನ್ನು ದೂರುವುದು ಸರಿಯಲ್ಲ.

ಈ ಕೆಲಸ ಸಾಧ್ಯವೇ ಎಂಬ ಸಂಶಯ ಬೇಡ. ನಾವು ಒಮ್ಮೆ ಮಾಡಿ ತೋರಿಸಿದ್ದೇವೆ. 1995ರಲ್ಲಿ ಶುರುವಾದ ಪಲ್ಸ್ ಪೋಲಿಯೋದ ದಿನಗಳನ್ನು ನೆನೆಯಿರಿ. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಸಂತೆ, ಇಟ್ಟಿಗೆ ಭಟ್ಟಿ, ಅಲೆಮಾರಿಗಳ ಬಿಡಾರ, ಎಲ್ಲಿ ಮಗುವಿದೆಯೋ ಅಲ್ಲಿಗೆ ಹನಿ ಹೋಯಿತು. ಹನಿ ಹಾಕಿ ಕಿರುಬೆರಳಿಗೆ ಶಾಯಿ ಹಚ್ಚಿದರು. ಹೆಸರೂ ಊರೂ ಅಡ್ಡಬರಲಿಲ್ಲ. ಎಷ್ಟೋ ಊರುಗಳಲ್ಲಿ ಮಸೀದಿಯ ಮೈಕಿನಲ್ಲೂ ಪ್ರಕಟಣೆ ಮಾಡಿದರು. ದೇಶದ ಕೊನೆಯ ಪೋಲಿಯೋ ಪ್ರಕರಣ ಕಾಣಿಸಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ನಾವು ಪೋಲಿಯೋಮುಕ್ತರೆಂಬ ಪ್ರಮಾಣಪತ್ರ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆರಂಭವಾದ ಮಿಷನ್ ಇಂದ್ರಧನುಷ್ ಕೂಡ ವಲಸೆ ಬಿಡಾರ, ಭಟ್ಟಿ, ಕಟ್ಟಡ ಕಾಮಗಾರಿಗಳ ಮಕ್ಕಳನ್ನೇ ಮುಖ್ಯವಾಗಿ ಗುರಿಯಾಗಿಟ್ಟುಕೊಂಡಿತು. ಆದರೆ 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸಾಪಿನ ವದಂತಿಗಳಿಗೆ ಹೆದರಿ ಮಕ್ಕಳನ್ನು ಶಾಲೆಗೇ ಕಳಿಸದ ಪಾಲಕರೂ ಇದ್ದರು. ಅಂಥ ವದಂತಿಯನ್ನು ತಡೆಯಲು ಜನರು ನಂಬುವವರ ಬಾಯಿ ಬೇಕು. ಆ ನಂಬಿಕೆ ಸಂಪಾದಿಸಿರುವವರು ಈ ಸಭೆಯಲ್ಲೇ ಇದ್ದೀರಿ.

ಈಗ ನಮ್ಮ ಕೆಲಸ. ಮೊದಲನೆಯದು, ಶಾಲೆಗೆ ಅಥವಾ ಮದರಸಾಕ್ಕೆ ಹೊಸ ಮಗು ಸೇರಿದ ದಿನವೇ ಲಸಿಕೆಯ ವಿಚಾರ ಕೇಳೋಣ. ಕಾರ್ಡ್ ಇಲ್ಲವೆಂದರೆ ಗದರಿಸುವುದು ಬೇಡ. ಎಡ ತೋಳಿನ ಮೇಲೆ ಬಿ.ಸಿ.ಜಿ. ಕಲೆ ಇದೆಯೇ ನೋಡಿ, ಆರೋಗ್ಯ ಸಹಾಯಕಿಗೆ ತಿಳಿಸೋಣ. ನಡುವೆ ಸರದಿ ತಪ್ಪಿದ್ದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ದಡಾರದ ಲಸಿಕೆಯನ್ನು ಐದು ವರ್ಷದವರೆಗೆ, ಡಿ.ಪಿ.ಟಿ.ಯನ್ನು ಏಳು ವರ್ಷದವರೆಗೆ ಕೊಡಲು ಅವಕಾಶವಿದೆ. ಹತ್ತು ಮತ್ತು ಹದಿನಾರನೇ ವಯಸ್ಸಿನ ಟಿ.ಡಿ. ಚುಚ್ಚುಮದ್ದು ನಮ್ಮ ಶಾಲಾ ಮಕ್ಕಳದೇ.

ಎರಡನೆಯದು, ಶುಂಠಿ ಬೆಳೆಯುವ, ಭಟ್ಟಿ ನಡೆಸುವ, ಅಡಿಕೆ ವ್ಯಾಪಾರ ಮಾಡುವ ನಮ್ಮ ಅಣ್ಣತಮ್ಮಂದಿರು ಟೆಂಟು ಎದ್ದ ವಾರದಲ್ಲೇ ಆಶಾ ಕಾರ್ಯಕರ್ತೆಗೆ ಒಂದು ಫೋನು ಮಾಡಲಿ. ಲಸಿಕೆಯ ದಿನ ತಾಯಿಗೆ ಅರ್ಧ ದಿನದ ರಜೆಯನ್ನು ಕೂಲಿಸಮೇತ ಕೊಡಲಿ. ಮಾಲೀಕನಿಗೆ ಅದು ದೊಡ್ಡ ಖರ್ಚಲ್ಲ.

ಮೂರನೆಯದು, ಭಾಷೆ. ಹಿಂದಿ, ಬಂಗಾಳಿ, ಅಸ್ಸಾಮಿ ಮಾತನಾಡುವ ತಾಯಿಗೆ ನರ್ಸಮ್ಮನ ಕನ್ನಡ ಅರ್ಥವಾಗುವುದಿಲ್ಲ. ಉರ್ದು ಬಲ್ಲ ನಮಗೆ ಹಿಂದಿ ಕಷ್ಟವಲ್ಲ. ನಮ್ಮ ಹೈಸ್ಕೂಲಿನ ಹೆಣ್ಣುಮಕ್ಕಳು ಜೊತೆಗೆ ಹೋಗಿ, ಈ ಸೂಜಿ ಏಕೆ, ರಾತ್ರಿ ಜ್ವರ ಬಂದರೆ ಏನು ಮಾಡಬೇಕು, ಮುಂದಿನ ತಾರೀಖು ಯಾವುದು ಎಂದು ತಿಳಿಸಿದರೆ ಆ ತಾಯಿ ಮತ್ತೆ ಬಂದೇ ಬರುತ್ತಾಳೆ.

ನಾಲ್ಕನೆಯದು, ಜನನ ನೋಂದಣಿ. ಮಗು ಹುಟ್ಟಿದ 21 ದಿನಗಳೊಳಗೆ ನೋಂದಣಿಗೆ ಶುಲ್ಕವಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದೀಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶದಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಹುಟ್ಟಿದ ದಿನಾಂಕ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಇಂದಿನ ಕೂಸು ನಾಳೆ ತನ್ನ ತಂದೆಯಂತೆ ಫಾರಂ ಕಂಡು ಹೆದರಬಾರದೆಂದರೆ ಈ ಕೆಲಸ ಮೊದಲ ಮೂರು ವಾರದಲ್ಲೇ ಮುಗಿಯಬೇಕು.

ಅಕ್ಕಮಹಾದೇವಿ ಈ ಉಡುತಡಿಯಿಂದ ಬರಿಗೈಯಲ್ಲಿ ಹೊರಟು ಕಲ್ಯಾಣ ಸೇರಿದವರು, ಅಲ್ಲಿಂದ ಶ್ರೀಶೈಲಕ್ಕೆ ನಡೆದವರು. ದಾರಿಯ ಮೇಲಿರುವವರನ್ನು ಪರಕೀಯರೆಂದು ಕಾಣುವುದು ಈ ಮಣ್ಣಿಗೆ ಒಪ್ಪುವುದಿಲ್ಲ. ಈ ಸಭೆ ಮುಗಿದ ಮೇಲೆ ನಾಲ್ಕು ಜನ ಒಂದು ಹಾಳೆ ಹಿಡಿದು, ನಮ್ಮ ಸುತ್ತಲಿನ ಟೆಂಟು, ಭಟ್ಟಿ, ಶೆಡ್ಡುಗಳಲ್ಲಿ ಐದು ವರ್ಷದೊಳಗಿನ ಮಕ್ಕಳೆಷ್ಟಿದ್ದಾರೆ ಎಂದು ಎಣಿಸೋಣ. ಹಾಳೆಯಲ್ಲಿ ಮಗುವಿನ ಹೆಸರು, ವಯಸ್ಸು, ಬಾಕಿ ಇರುವ ಲಸಿಕೆ ಇಷ್ಟೇ ಇರಲಿ. ಬೇರೆ ಪ್ರಶ್ನೆ ಬೇಡ. ಅದನ್ನು ಮುಂದಿನ ಲಸಿಕೆಯ ದಿನದೊಳಗೆ ಆರೋಗ್ಯ ಕೇಂದ್ರಕ್ಕೆ ತಲುಪಿಸೋಣ.