ಇಪ್ಪತ್ತೊಂಬತ್ತು ಅಂಕಿಗಳ ಒಂದು ಸಂಖ್ಯೆ
(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಮನುಷ್ಯಜನ್ಮ ದುರ್ಲಭವೆಂದು ಪ್ರವಚನಗಳಲ್ಲಿ ಕೇಳುತ್ತ ಬಂದಿದ್ದೇವೆ. ಎಷ್ಟು ದುರ್ಲಭವೆಂಬುದಕ್ಕೆ ನಮ್ಮ ಆಚಾರ್ಯರು ಲೆಕ್ಕವನ್ನೇ ಇಟ್ಟಿದ್ದಾರೆ. ನಾನು ಪಂಡಿತನಲ್ಲ, ಅಂಗಡಿಯ ಖಾತೆ ಬರೆದು ಬಲ್ಲವನು. ಆ ಲೆಕ್ಕವನ್ನಷ್ಟೇ ತಮ್ಮ ಮುಂದಿಡುತ್ತೇನೆ.

ಎರಡರ ವರ್ಗ 4, ಅದರ ವರ್ಗ 16, ಮುಂದೆ 256, 65536, ಐದನೆಯ ವರ್ಗ 4294967296, ಆರನೆಯದು 18446744073709551616. ಈ ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧವೇ ಎರಡೂವರೆ ದ್ವೀಪಗಳಲ್ಲಿರುವ ಪರ್ಯಾಪ್ತ ಮನುಷ್ಯರ ಸಂಖ್ಯೆಯೆಂದು ಆಗಮವು ಹೇಳುತ್ತದೆ. ಅದು 79228162514264337593543950336.

ಈ ಸಂಖ್ಯೆಯನ್ನು 96 ಸಲ ಅರ್ಧಿಸಿದರೆ 1 ಉಳಿಯುತ್ತದೆ. ಇದಕ್ಕೆ ಅರ್ಧಚ್ಛೇದವೆಂದು ಹೆಸರು. ಮೂಡಬಿದಿರೆಯ ಸಿದ್ಧಾಂತ ಬಸದಿಯ ತಾಳೆಗರಿಗಳಲ್ಲಿ ಉಳಿದುಬಂದ, ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿ ಈ ಗಣಿತವು ವಿಸ್ತಾರವಾಗಿದೆ. ಇದು ವರ್ಗಸಂಖ್ಯೆಯೂ ಹೌದು, ಘನಸಂಖ್ಯೆಯೂ ಹೌದು. ಮೇಲೆ ಹೇಳಿದ ಐದನೆಯ ವರ್ಗದ ಘನವೇ ಇದು. ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು 97 ಮಾತ್ರ. ಸ್ವತಃ ಈ ಸಂಖ್ಯೆಯನ್ನು ಬಿಟ್ಟು ಉಳಿದ 96 ಭಾಜಕಗಳನ್ನು ಕೂಡಿದರೆ ಮೊತ್ತವು ಇದಕ್ಕಿಂತ ಒಂದೇ ಒಂದು ಕಡಿಮೆ!

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಈ ಅಂಕಿಗಳನ್ನು ಅಕ್ಷರಗಳಾಗಿಸಿ ಗಾಥೆಯಲ್ಲಿ ಹೆಣೆದಿದ್ದಾರೆ. ಕಟಪಯಾದಿ ಕ್ರಮದಲ್ಲಿ ಅಕ್ಷರಕ್ಕೊಂದು ಅಂಕಿಯಂತೆ, ಏಕಸ್ಥಾನದಿಂದ ಎಡಕ್ಕೆ ಓದಿಕೊಳ್ಳಬೇಕು. ಬಾಯಿಪಾಠ ಮಾಡಿದವನ ನಾಲಗೆಯ ಮೇಲೆ ಲೆಕ್ಕವು ಸುರಕ್ಷಿತ.

ನಾನೊಮ್ಮೆ ಇದನ್ನು ನಕಲು ಮಾಡಿಕೊಂಡು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅರ್ಧಿಸುತ್ತ ಕುಳಿತೆ. ಹತ್ತನೆಯ ಸಲಕ್ಕೇ ಬೆಸ ಸಂಖ್ಯೆ ಬಂದಿತು. ಶಾಸ್ತ್ರದಲ್ಲಿಯೇ ತಪ್ಪಿರಬಹುದೇ ಎಂದು ಕ್ಷಣಕಾಲ ಶಂಕಿಸಿದೆ. ತಾಳೆ ನೋಡಿದರೆ ಬಲದಿಂದ ಹತ್ತನೆಯ ಅಂಕಿ 3ನ್ನು ನಾನೇ 5 ಎಂದು ಬರೆದಿದ್ದೆ. ತಿದ್ದಿ ಮತ್ತೆ ಅರ್ಧಿಸಿದಾಗ 96ನೆಯ ಸಲಕ್ಕೆ 1 ಬಂದು ನಿಂತಿತು. ಶಂಕಿಸಿದ್ದಕ್ಕೆ ನಾಚಿದೆನಾದರೂ, ಪರೀಕ್ಷಿಸಿದ್ದಕ್ಕೆ ನಾಚಲಿಲ್ಲ. ಪರೀಕ್ಷಿಸದಿದ್ದರೆ ನನ್ನ ತಪ್ಪನ್ನು ಮಕ್ಕಳಿಗೂ ಬರೆಸುತ್ತಿದ್ದೆ.

ಬಂಧುಗಳೇ, ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ನಮ್ಮಲ್ಲಿ ಸಂಖ್ಯೆಗಳು ಮೂರು ಬಗೆ. ಇಷ್ಟು ದೊಡ್ಡ ಸಂಖ್ಯೆಯೂ ಸಂಖ್ಯಾತದೊಳಗೇ ಸೇರುತ್ತದೆ. ದೇವಗತಿಯ ಜೀವರು ಅಸಂಖ್ಯಾತರು. ನಿಗೋದ ಜೀವರು ಅನಂತಾನಂತರು. ಅನಂತದ ಮುಂದೆ ಇಪ್ಪತ್ತೊಂಬತ್ತು ಅಂಕಿಗಳೂ ಬಿಂದುಮಾತ್ರ. ದುರ್ಲಭವೆಂಬ ಮಾತಿನ ಅರ್ಥ ನನಗೆ ತಿಳಿದದ್ದು ಈ ಲೆಕ್ಕದಿಂದ. ಆ ಬಿಂದುವಿನೊಳಗೆ ನಮಗೆ ಸ್ಥಾನ ದೊರೆತಿದೆ.

ಬಸದಿಯ ಪ್ರತಿಷ್ಠೆ ಇಂದು ನೆರವೇರಿತು. ಇದರ ಜಗುಲಿಯಲ್ಲಿ ಪಾಠಶಾಲೆಯೂ ನಡೆಯಲಿ; ಮಕ್ಕಳು ಈ ಸಂಖ್ಯೆಯನ್ನು ಬರೆದು, ಅರ್ಧಿಸಿ, ತಾವೇ ತಾಳೆ ನೋಡಲಿ. ಹಿರಿಯರಾದ ನಾವು ದಿನದ ಕೊನೆಗೆ ನಮ್ಮ ಆಯುಷ್ಯದ ಖಾತೆಯನ್ನು ತಾಳೆ ನೋಡೋಣ.

ಜೈ ಜಿನೇಂದ್ರ.