ಗರ್ಭಸ್ಥ ಶಿಶುವೂ ನೊಂದ ತಾಯಿಯೂ

 

ಉತ್ಸವದ ಶುಭಸಮಯದಲ್ಲಿ ದುಃಖದ ಮಾತನ್ನೆತ್ತುವುದಕ್ಕಾಗಿ ತಾವು ಕ್ಷಮಿಸಬೇಕು. ಬಲಾತ್ಕಾರಕ್ಕೆ ತುತ್ತಾದ ಹೆಣ್ಣುಮಗಳು ಗರ್ಭವತಿಯಾದರೆ ಆ ಶಿಶುವನ್ನು ನಾವು ಏನೆಂದು ಭಾವಿಸತಕ್ಕದ್ದು? ಇದೇ ಇಂದಿನ ನನ್ನ ಅರಿಕೆ.

ನಮ್ಮಲ್ಲಿ ಎಂಟನೆಯ ತಿಂಗಳಲ್ಲಿ ಗರ್ಭಕ್ಕೆ ಲಿಂಗಧಾರಣೆಯಾಗುವುದುಂಟು. ಶಿಶುವಿನ ಲಿಂಗವನ್ನು ತಾಯಿಯೇ ಧರಿಸಿಕೊಂಡಿರುವಳು. ಲೋಕದ ಬೆಳಕನ್ನು ಕಾಣುವುದಕ್ಕೆ ಮುನ್ನವೇ ಆ ಜೀವವು ಭಕ್ತಗಣದಲ್ಲಿ ಸೇರಿತೆಂಬುದೇ ಇದರ ತಾತ್ಪರ್ಯ. ಜನನಸೂತಕವನ್ನೂ ಜಾತಿಸೂತಕವನ್ನೂ ಶರಣರು ಅಲ್ಲಗಳೆದರು. ಅಂದಮೇಲೆ ದುರುಳನ ಪಾಪವು ಕೂಸಿಗೆ ಅಂಟುವುದೆಂಬ ಮಾತಿಗೆ ಎಡೆಯೆಲ್ಲಿ? ಛಾಂದೋಗ್ಯೋಪನಿಷತ್ತಿನ ಸತ್ಯಕಾಮನು ತನ್ನ ಗೋತ್ರವನ್ನರಿಯನು. ತಾಯಿ ಜಬಾಲೆಯ ಹೆಸರನ್ನೇ ಹೇಳಿಕೊಂಡು ಹೋದ ಅವನನ್ನು ಗೌತಮರು ಶಿಷ್ಯನನ್ನಾಗಿ ಅಂಗೀಕರಿಸಿದರು.

ನಮ್ಮ ಕಾಲದ ನಿದರ್ಶನವೊಂದನ್ನು ಹೇಳುವೆನು. 2009ರಲ್ಲಿ ಚಂಡೀಗಢದ ಸರಕಾರಿ ಆಶ್ರಯಗೃಹವೊಂದರಲ್ಲಿದ್ದ, ಅನಾಥೆಯೂ ಮಂದಬುದ್ಧಿಯವಳೂ ಆದ ತರುಣಿಯೊಬ್ಬಳು ಬಲಾತ್ಕಾರದಿಂದ ಗರ್ಭಿಣಿಯಾದಳು. ಗರ್ಭವನ್ನು ತೆಗೆಯಿಸಬೇಕೆಂದು ಉಚ್ಚನ್ಯಾಯಾಲಯವು ಆಜ್ಞಾಪಿಸಿತು. ಆಕೆಯಾದರೋ ಮಗುವನ್ನು ಹೆರುವೆನೆಂದಳು. ಸರ್ವೋಚ್ಚ ನ್ಯಾಯಾಲಯವು ಆಕೆಯ ಇಚ್ಛೆಯನ್ನೇ ಎತ್ತಿಹಿಡಿಯಿತು. ಕಾಪಾಡಬೇಕಾದವರು ಬೇಡವೆಂದ ಜೀವವನ್ನು ಏನೂ ಇಲ್ಲದ ಆ ಹೆಣ್ಣು ಬೇಕೆಂದಳು!

ಆದರೆ ಇದರಿಂದ ಇನ್ನೊಂದು ಪಾಠವನ್ನೂ ಕಲಿಯತಕ್ಕದ್ದು. ಗರ್ಭವನ್ನು ತೆಗೆಯಿಸೆಂದು ಆಕೆಯನ್ನು ಬಲವಂತಪಡಿಸಲಾಗದಂತೆ, ಹೆರೆಂದೂ ಯಾರನ್ನೂ ಬಲವಂತಪಡಿಸಲಾಗದು. ಒಮ್ಮೆ ಬಲಾತ್ಕಾರವನ್ನುಂಡವಳಿಗೆ ಮತ್ತೊಂದು ಬಲಾತ್ಕಾರವು ಬೇಡ. 2021ರ ತಿದ್ದುಪಡಿಯಂತೆ ಇಂಥವರಿಗೆ 24 ವಾರಗಳವರೆಗೆ ಗರ್ಭವನ್ನು ತೆಗೆಯಿಸಿಕೊಳ್ಳುವ ಅವಕಾಶವುಂಟು. ಜೀವವು ಉಳಿಯಲೆಂಬುದು ನನ್ನ ಪ್ರಾರ್ಥನೆ. ಆದರೆ ಆ ದಾರಿಯನ್ನು ಹಿಡಿದವಳನ್ನು ನಿಂದಿಸುವ ಅಧಿಕಾರವು ನನಗಿಲ್ಲ.

ಜೀವವನ್ನುಳಿಸೆಂದು ಬೋಧಿಸಿ, ಬಳಿಕ ಅವಳೆದುರಿಗೆ ಬಾಗಿಲನ್ನಿಕ್ಕುವುದು ದಯೆಯೆ? ಹೆರಿಗೆಯ ವೆಚ್ಚ, ತಲೆಯ ಮೇಲೆ ಸೂರು, ಊರ ಬಾಯಿಯಿಂದ ರಕ್ಷಣೆ: ಇವನ್ನು ಕೊಡದವನ ಬೋಧೆಯು ಬರಿಯ ಸದ್ದು. ಸಾಕಲಾರದ ತಾಯಿಯು ಶಿಶುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮರಳಿ ಯೋಚಿಸುವುದಕ್ಕೆ 2015ರ ಬಾಲನ್ಯಾಯ ಕಾಯಿದೆಯು ಎರಡು ತಿಂಗಳ ಅವಧಿಯನ್ನಿತ್ತಿದೆ. ಈ ವಿಷಯವನ್ನು ಆಕೆಗೆ ಮೆಲ್ಲನೆ ತಿಳಿಸಿರಿ. ಆಕೆಯ ಹೆಸರನ್ನು ಮಾತ್ರ ಎಲ್ಲಿಯೂ ಆಡದಿರಿ.

ಅಂಥ ಮಗುವು ನಾಳೆ ಮಠದ ಬಾಗಿಲಿಗೆ ಬಂದರೆ ತಂದೆ ಯಾರೆಂದು ಕೇಳಬೇಡಿರಿ. ದೀಕ್ಷೆಯನ್ನು ಪಡೆದವನು ಗುರುಕರಸಂಜಾತನು. ಅವನಿಗೆ ಗುರುವಿನ ಹೆಸರೇ ಸಾಕು, ತಾಯಿಯ ಹೆಸರೇ ಸಾಕು.